ಗವಿಯ ಬಾಗಿಲಲ್ಲಿ ಬಿಡದ ಚಪ್ಪಲಿ

ನಿಯಮಗಳನ್ನು ಬೇರೆಯವರಿಗೆ ವಿವರಿಸುವುದರಲ್ಲಿ ನನಗಿರುವ ಉತ್ಸಾಹ ಅವನ್ನು ಪಾಲಿಸುವುದರಲ್ಲಿ ಇಲ್ಲ. ಚರಿತ್ರೆಯಲ್ಲಿ ಎಂ.ಎ. ಮಾಡಿದ್ದರ ಫಲವೋ ಹುಟ್ಟುಗುಣವೋ, ಹೇಳಲಾರೆ. ಕನ್ನಡ ನಾಡು ಒಂದಾದ ಮರುವರ್ಷ, ಮದುವೆಯಾದ ಹೊಸದರಲ್ಲಿ, ಚಿಂತಾಮಣಿ ಕಡೆಯ ಒಂದು ಬೆಟ್ಟದ ಗವಿಯೊಳಗೆ ನಾನು ಸಿಕ್ಕಿಹಾಕಿಕೊಂಡದ್ದಕ್ಕೆ ಮಾತ್ರ ಆ ಗುಣವೇ ಕಾರಣ. ಎಷ್ಟು ಹೊತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ದಿನಚರಿಯಲ್ಲಿ ‘ಎರಡು ಗಂಟೆಗೂ ಮೇಲೆ’ ಎಂದಿದೆ. ನನ್ನ ಹೆಂಡತಿ ಜಯ ಇಪ್ಪತ್ತು ನಿಮಿಷ ಎನ್ನುತ್ತಾಳೆ. ದಿನಚರಿ ಬರೆದವನು ನಾನೇ ಆದ್ದರಿಂದ ಅದನ್ನು ಪೂರ್ತಿ ನಂಬುವ ಧೈರ್ಯ ನನಗಿಲ್ಲ.

ಕೆಂಚಾರ್ಲಹಳ್ಳಿಯ ನನ್ನ ಮಾವನವರು ಹೊಸ ಅಳಿಯನಿಗೆಂದು ಒಂದು ಜೊತೆ ಚಪ್ಪಲಿ ಹೊಲಿಸಿಕೊಟ್ಟಿದ್ದರು. ಅದನ್ನು ಮೆಟ್ಟಿಕೊಂಡು ಬೆಟ್ಟ ಹತ್ತುವಾಗ ದಾರಿಯುದ್ದಕ್ಕೂ ನಾನು ಇಪ್ಪತ್ತು ಮಾರು ಮುಂದೆ. ಹಿಂದೆ ಜಯ, ಮಾವನವರು. ಗವಿಯ ಗೋಡೆಯ ಮೇಲೆ ಹಳೆಯ ಅಕ್ಷರಗಳಿದ್ದುದರಿಂದ ಸರ್ಕಾರ ಅದಕ್ಕೆ ಕಬ್ಬಿಣದ ಸರಳಿನ ಬಾಗಿಲು, ಒಂದು ಬೋರ್ಡು ಮತ್ತು ಮುನಿವೆಂಕಟಪ್ಪ ಎಂಬ ಕಾವಲುಗಾರನನ್ನು ಕೊಟ್ಟಿತ್ತು. ಭಾನುವಾರ ಮಾತ್ರ ಪ್ರವೇಶ. ಗೋಡೆ ಮುಟ್ಟಬಾರದು, ಬೀಡಿ ಸೇದಬಾರದು, ಬಾವಲಿಗಳನ್ನು ಕೆಣಕಬಾರದು, ಗುಂಪು ಬಿಟ್ಟು ಹೋಗಬಾರದು ಎಂದು ನಾನು ಬೋರ್ಡನ್ನು ನೆರೆದವರಿಗೆಲ್ಲ ಗಟ್ಟಿಯಾಗಿ ಓದಿ, ವ್ಯಾಖ್ಯಾನವನ್ನೂ ಮಾಡಿದೆ. ಸಾದಲಿಯಿಂದ ಬಂದಿದ್ದ ರೈತರೊಬ್ಬರು ನನ್ನನ್ನು ಇಲಾಖೆಯವನೆಂದೇ ತಿಳಿದು, ಬೀಡಿ ಆರಿಸಿ ಕೈಮುಗಿದರು. ನಾನು ತಿದ್ದಲಿಲ್ಲ.

ಬೋರ್ಡಿನಲ್ಲಿಲ್ಲದ ನಿಯಮವೊಂದು ಮುನಿವೆಂಕಟಪ್ಪನ ಹತ್ತಿರವಿತ್ತು. “ಚಪ್ಪಲಿ ಇಲ್ಲೇ ಸಾಲಾಗಿ ಬಿಡಿ ಸಾಮಿ. ಬರಿಗಾಲಿನೋರು ಒಂದೊಂದು ಕಲ್ಲಿಡಿ. ಬರೋವಾಗ ಅವರವರದು ಎತ್ಕೊಂಡ್ರೆ ಒಳಗೆ ಯಾರೂ ಉಳಿದಿಲ್ಲ ಅಂತ ನಂಗೆ ಗೊತ್ತಾಯ್ತದೆ.” ಹೊಸ ಚಪ್ಪಲಿಯನ್ನು ಹಳೆಯ ಚಪ್ಪಲಿಗಳ ಸಾಲಿನಲ್ಲಿ ಬಿಡುವುದೇ? ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಗುಂಪಿನ ನಡುವೆ ನುಸುಳಿ ಒಳಗೆ ಹೋದೆ. ಒಳಗೆ, ಅಕ್ಷರಗಳನ್ನು ದಿನಚರಿಗೆ ನಕಲು ಮಾಡಿಕೊಳ್ಳಲೆಂದು, ನಾನೇ ಓದಿಹೇಳಿದ ನಾಲ್ಕನೆಯ ನಿಯಮವನ್ನು ಮುರಿದು ಹಿಂದೆ ಉಳಿದೆ. ಲಾಟೀನು ಗುಂಪಿನ ಜೊತೆ ಹೊರಟುಹೋಯಿತು. ತಡಕಾಡಿಕೊಂಡು ಬಾಗಿಲಿಗೆ ಬಂದರೆ ಬೀಗ. ಕೂಗಿದೆ, ಬಾವಲಿಗಳು ಕೆಣಕಿದಂತಾಗಿ ನನ್ನ ತಲೆಯ ಮೇಲೆ ಹಾರಾಡಿದವೇ ಹೊರತು ಮನುಷ್ಯರಾರೂ ಬರಲಿಲ್ಲ. ಮುಂದಿನ ಭಾನುವಾರಕ್ಕೆ ಏಳು ದಿನ. ಸರಳುಗಳ ಸಂದಿಯಿಂದ ಬೋರ್ಡಿನ ಹಿಂಭಾಗ ಕಾಣುತ್ತಿತ್ತು. ಅಲ್ಲಿ ಏನೂ ಬರೆದಿರಲಿಲ್ಲ.

ಹೊರಗೆ ನಡೆದದ್ದನ್ನು ಆಮೇಲೆ ಜಯ ಹೇಳಿದಳು. ನಾನು ಕಾಣದಿದ್ದಾಗ ಮುನಿವೆಂಕಟಪ್ಪ, “ಚಪ್ಪಲಿ ಒಂದೂ ಉಳಿದಿಲ್ಲಮ್ಮ, ಇಳಿದು ಹೋಗವ್ರೆ” ಎಂದನಂತೆ. ಮಾವನವರೂ ಅನುಮಾನಪಡಲಿಲ್ಲ. “ಅಳಿಯಂದ್ರು ಬರೋವಾಗ್ಲೂ ಮುಂದೆ, ಹೋಗೋವಾಗ್ಲೂ ಮುಂದೆ. ನಡಿಯಮ್ಮ,” ಎಂದರಂತೆ. ಅರ್ಧ ಬೆಟ್ಟ ಇಳಿದ ಮೇಲೆ, ನಾನು ಚಪ್ಪಲಿಯನ್ನು ಟವೆಲಿನಲ್ಲಿ ಸುತ್ತಿದ್ದು ನೆನಪಾಗಿ, ಜಯ ಮಾವನವರನ್ನೂ ಜೊತೆಗೇ ಇಳಿಯುತ್ತಿದ್ದ ಮುನಿವೆಂಕಟಪ್ಪನನ್ನೂ ಹಿಂದಕ್ಕೆ ಕರೆತಂದಳು.

ಮುನಿವೆಂಕಟಪ್ಪ ಸರಳುಗಳ ಹಿಂದಿದ್ದ ನನ್ನನ್ನು ನೋಡಲಿಲ್ಲ, ನೆಲವನ್ನು ನೋಡಿದ. “ಚಪ್ಪಲಿ ಲೇದು, ಕಲ್ಲೂ ಲೇದು. ನೀವು ಒಳಕ್ಕೆ ಹೋಗೇ ಇಲ್ಲ ಸಾಮಿ.”

“ಹೋಗದೆ ಇದ್ರೆ ಇಲ್ಲಿ ನಿಂತಿರೋನು ಯಾರಪ್ಪ?”

“ಅದನ್ನ ನೀವೇ ಹೇಳ್ಬೇಕು. ಒಳಗೆ ಹೋಗದೆ ಇರೋರ್ನ ಹೊರಕ್ಕೆ ಬಿಟ್ಟೆ ಅಂತ ಇಲಾಖೆಯೋರಿಗೆ ನಾನು ಹೆಂಗೆ ಹೇಳ್ಲಿ?”

ಜಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. “ಏನೂಂದ್ರೆ, ಚಪ್ಪಲಿ ಕೊಟ್ಬಿಡಿ. ಮೊದ್ಲು ಒಳಗೆ ಹೋಗಿ, ಆಮೇಲೆ ಹೊರಗೆ ಬನ್ನಿ.”

ಸರಳುಗಳ ಸಂದಿಯಿಂದ ಒಂದೊಂದಾಗಿ ಚಪ್ಪಲಿ ಕೊಟ್ಟೆ. ಅವನು ಅವನ್ನು ನೆಲದ ಮೇಲೆ ಜೋಡಿಸಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸಮಾಧಾನವಾದ ಮೇಲೆ ಬೀಗ ತೆಗೆದ. ಕಾವಲುಗಾರನ ಅಜಾಗರೂಕತೆಯ ಬಗ್ಗೆ ಇಲಾಖೆಗೆ ಒಂದು ದೂರು ಬರೆದೆ. ಕಳಿಸಲಿಲ್ಲ, ಅದರಲ್ಲಿ ಚಪ್ಪಲಿಯ ವಿಷಯವನ್ನು ಬಿಟ್ಟಿದ್ದೆನೆಂದು ಓದುವಾಗ ತಿಳಿಯಿತು.

ಈಗ ಗೌರಿಬಿದನೂರಿನಲ್ಲಿ ಮೇಷ್ಟ್ರಾಗಿದ್ದೇನೆ. ಪರೀಕ್ಷೆ ಮುಗಿದ ಕಾಲದಲ್ಲಿ ಮಕ್ಕಳ ಅಂಕದ ಬಗ್ಗೆ ಮಾತಾಡಲು ಬರುವವರಿಗೆ ಜಯ ಹೊಸ್ತಿಲ ಕಡೆ ಕೈತೋರಿಸಿ, “ಚಪ್ಪಲಿ ಇಲ್ವಲ್ಲಪ್ಪ, ಮನೇಲಿಲ್ಲ” ಎನ್ನುತ್ತಾಳೆ. ನಾನು ಒಳಕೋಣೆಯಲ್ಲಿ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರಾಡದೆ ಕೂತಿರುತ್ತೇನೆ. ಮುನಿವೆಂಕಟಪ್ಪನ ಪದ್ಧತಿ ಬಹಳ ಅನುಕೂಲವೆಂದು ಹೇಳಿಕೊಂಡು ತಿರುಗುತ್ತಿದ್ದೆ ಕೂಡ. ಮೊನ್ನೆ ಜಯ ಹೊರಗಿನಿಂದ ಬೀಗ ಹಾಕಿಕೊಂಡು ಅರಿಶಿನ ಕುಂಕುಮಕ್ಕೆ ಹೋದಳು. ಹೊಸ್ತಿಲ ಹತ್ತಿರ ನನ್ನ ಚಪ್ಪಲಿ ಇರಲಿಲ್ಲವಂತೆ.