ಗ್ರೂಪ್ ಮಾಡು ಅಂದರೆ ಕಂಬೈನ್ ಮಾಡಿದೆ

ತಪ್ಪನ್ನು ಒಂದೇ ಸಲ ಮಾಡಿ ಬಿಟ್ಟುಬಿಡುವ ಜಾಣತನ ನನಗಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ, ಫೋರ್ಟ್ ಲೀಯ ಪುಟ್ಟ ಸೈನ್‌ಬೋರ್ಡ್ ಅಂಗಡಿಗೆ ಸೇರಿದ ಮೂರೇ ತಿಂಗಳಲ್ಲಿ ಅದು ಊರಿಗೆಲ್ಲ ಗೊತ್ತಾಯಿತು. ವರ್ಷಗಟ್ಟಲೆ ವರ್ಕ್ ಪರ್ಮಿಟ್‌ಗೆ ಕಾದು ಸಿಕ್ಕಿದ್ದ ಮೊದಲ ಕೆಲಸ, ಅದೂ ಮೂರು ತಿಂಗಳ ಟ್ರಯಲ್. ಕಳೆದುಕೊಂಡರೆ ಮತ್ತೆ ಜರ್ಸಿ ಸಿಟಿಯ ಮನೆಯಲ್ಲಿ ಕಿಟಕಿ ನೋಡುತ್ತಾ ಕೂರಬೇಕು.

೧. ಹಲ್ಲಿಲ್ಲದ ನಗು

ಮೊದಲ ವಾರ ಒಬ್ಬ ಹಲ್ಲಿನ ಡಾಕ್ಟರ ಬೋರ್ಡು ಬಂತು. ಕಪ್ಪು ಹಿನ್ನೆಲೆ, ಕೆಂಪು ಬಾಯಿ, ಅದರ ಮೇಲೆ ಬಿಳಿ ಹಲ್ಲುಗಳು. ಚೆಲ್ಲಾಪಿಲ್ಲಿ ಆಗದಿರಲಿ ಅಂತ ಕಂಪ್ಯೂಟರಿನಲ್ಲಿ ಬಾಯಿ, ಹಲ್ಲು ಎಲ್ಲ ಸೇರಿಸಿ ಕಂಬೈನ್ ಅನ್ನುವ ಬಟನ್ ಒತ್ತಿದೆ. ಗ್ರೂಪ್ ಒತ್ತಿದ್ದರೆ ಚಿತ್ರಗಳು ಒಟ್ಟಿಗಿರುತ್ತಿದ್ದವು, ಬಣ್ಣವೂ ಉಳಿಯುತ್ತಿತ್ತು. ಕಂಬೈನ್ ಒತ್ತಿದರೆ ಎಲ್ಲ ಸೇರಿ ಒಂದೇ ಚಿತ್ರ, ಒಂದೇ ಬಣ್ಣ; ಒಂದರ ಮೇಲೊಂದು ಬಿದ್ದ ಕಡೆ ತೂತು. ಬೋರ್ಡಿನಲ್ಲಿ ಹಲ್ಲಿದ್ದ ಕಡೆಯೆಲ್ಲ ಕಪ್ಪು.

ಡಾಕ್ಟರು ತಲೆ ಓರೆ ಮಾಡಿ ನೋಡಿದರು. “ಬಿಫೋರ್ ಚೆನ್ನಾಗಿದೆ. ಆಫ್ಟರ್ ಯಾವಾಗ ಕೊಡ್ತೀರಿ?”

೨. ಡಬ್ಬಿಯ ಪಾಠ

ನಮ್ಮ ಯಜಮಾನಿ ಅರವತ್ತು ದಾಟಿದ ಕೊರಿಯನ್ ಹೆಂಗಸು. ಬೈಯಲಿಲ್ಲ. ಊಟದ ಹೊತ್ತಿಗೆ ಖಾನೆ ಖಾನೆಯಾಗಿ ಅನ್ನ, ಪಲ್ಯ, ಮೀನು ಇದ್ದ ತಮ್ಮ ಡಬ್ಬಿ ತೋರಿಸಿ, “ಇದು ಗ್ರೂಪ್,” ಅಂದರು. ನನ್ನ ಬಿಸಿಬೇಳೆಬಾತಿನ ಕಡೆ ಚಮಚ ತೋರಿಸಿ, “ಅದು ಕಂಬೈನ್.” ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸುತ್ತಿರಲಿಲ್ಲ. ಆಮೇಲೆ ಆ ಚಮಚ ನನ್ನ ಡಬ್ಬಿಗೇ ಇಳಿಯಿತು, ಎರಡು ಸಲ.

“ಅಡುಗೆ ಮನೇಲಿ ಮಾತ್ರ ಕಂಬೈನ್ ಮಾಡು,” ಅಂದರು.

೩. ಮನೆಯ ಲೆಕ್ಕ

ಸಂಜೆ ಗಂಡನಿಗೆ ಪಾಠ ಒಪ್ಪಿಸಿದೆ. “ನಮ್ಮಿಬ್ಬರದು ಕಂಬೈನ್ ಕಣ್ರೀ.”

ಅವರು ಉಬ್ಬಿಹೋದರು. “ಅಷ್ಟೊಂದು ಪ್ರೀತಿನಾ?”

“ಅಲ್ಲ. ಹಾಲು ತರೋದು ನನ್ನ ಕೆಲಸಾನೂ ಹೌದು, ನಿಮ್ಮ ಕೆಲಸಾನೂ ಹೌದು. ಒಂದರ ಮೇಲೊಂದು ಬಿದ್ದ ಕಡೆ ತೂತು, ಅದಕ್ಕೇ ಫ್ರಿಜ್‌ನಲ್ಲಿ ಹಾಲಿಲ್ಲ.”

೪. ಒಂದಾದ ಕೈಗಳು

ಟ್ರಯಲ್‌ನ ಕೊನೆಯ ವಾರ. ಬಹುಕಾಲ ಮುಖ ಕೊಟ್ಟು ಮಾತಾಡದ ಎರಡು ಕನ್ನಡ ಸಂಘಗಳು ಒಂದಾಗುವ ಸಮಾರಂಭ. ಬ್ಯಾನರಿನ ಆರ್ಡರ್ ಅಂಗಡಿಗೆ ತಂದವಳು ನಾನೇ. ಸಂಘಕ್ಕೊಂದರಂತೆ ಒಂದು ಹಳದಿ ಕೈ, ಒಂದು ಕೆಂಪು ಕೈ, ಕುಲುಕುತ್ತಿರಬೇಕು. “ಎರಡೂ ಕೈ ಒಂದಾಗ್ಬೇಕಮ್ಮ,” ಅಂತ ಒಬ್ಬ ಅಧ್ಯಕ್ಷರು ಫೋನಿನಲ್ಲಿ ಹೇಳುತ್ತಿದ್ದಾಗಲೇ ನನ್ನ ಬೆರಳು ಕಂಬೈನ್ ಒತ್ತಿ ಒಂದು ಮಾಡಿಬಿಟ್ಟಿತು. ಆಮೇಲೆ ನಾನು ಆ ಕೈಗಳ ಚಿತ್ರ ನೋಡಲೇ ಇಲ್ಲ. ಪದಾಧಿಕಾರಿಗಳ ಹೆಸರಿನಲ್ಲಿ ಕಾಗುಣಿತ ನೋಡುತ್ತಿದ್ದೆ.

ಯಜಮಾನಿಯೂ ನಾನೂ ಹೋಗಿ ವೇದಿಕೆಯ ಮೇಲೆ ಬ್ಯಾನರ್ ಬಿಚ್ಚಿದೆವು. ಜನ ಆಗಲೇ ಕೂತಿದ್ದರು. ಎರಡೂ ಕೈ ಕೆಂಪು. ಕುಲುಕಿದ ಜಾಗದಲ್ಲಿ ದೊಡ್ಡ ಬಿಳಿ ತೂತು.

“ನಮ್ಮ ಹಳದಿ ಕೈ ಎಲ್ಲಿ ಹೋತ್ರೀ?” ಅಂದರು ಒಂದು ಸಂಘದ, ಧಾರವಾಡ ಕಡೆಯ ಅಧ್ಯಕ್ಷರು.

“ಹಳದಿ ಹಾಗಿರ್ಲಿ ಸ್ವಾಮಿ, ಕೈ ಸೇರೋ ಕಡೆ ತೂತು ಬಿದ್ದಿದೆಯಲ್ಲ!” ಅಂದರು ಇನ್ನೊಂದು ಸಂಘದ ಅಧ್ಯಕ್ಷರು, ಮೈಸೂರಿನವರು.

ಆಮೇಲೆ ಇಬ್ಬರೂ ಒಂದೇ ದನಿಯಲ್ಲಿ: “ಯಾರು ಮಾಡಿದ್ದು ಇದನ್ನ?”

ಕೆಲಸ ಹೋಯಿತು ಅಂದುಕೊಂಡೆ. ಯಜಮಾನಿಗೆ ಕನ್ನಡ ಬಾರದು, ಆದರೆ ಮುಖ ಓದಲು ಬರುತ್ತದೆ. ನನ್ನ ಮುಂದೆ ಬಂದು ನಿಂತು, ಇಂಗ್ಲಿಷಿನಲ್ಲಿ “ತಪ್ಪು ನನ್ನದು,” ಅಂದರು. ಅವರ ಋಣ ನಾನು ತೀರಿಸಲಾರೆ.

“ಸೋಮವಾರ ಬೇಗ ಬಾ, ಇದನ್ನ ಮತ್ತೆ ಮಾಡಬೇಕು,” ಅಂತ ನನ್ನ ಕಿವಿಯಲ್ಲಿ ಹೇಳಿ, ಇಬ್ಬರು ಅಧ್ಯಕ್ಷರ ಮಣಿಕಟ್ಟು ಹಿಡಿದು ಕರೆದೊಯ್ದು ತೂತಿನ ಮುಂದೆಯೇ ನಿಲ್ಲಿಸಿದರು. ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟು, “ಅಲ್ಲಾಡಬೇಡಿ,” ಅಂದರು.

ಪ್ರಾರ್ಥನೆಯಿಂದ ವಂದನಾರ್ಪಣೆಯವರೆಗೆ ಇಬ್ಬರೂ ಕೈ ಬಿಡಲಿಲ್ಲ. ಇಂಥ ಒಗ್ಗಟ್ಟು ನೋಡಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು.