ಮೇಲೂರು ಮಾವನ ಹಾಯಿದೋಣಿ

ನಮ್ಮ ಸೋದರಮಾವನವರು ಮೇಲೂರಿನ ಏಕೈಕ ನಾವಿಕರು. ಸಮುದ್ರವನ್ನು ಅವರು ಆಗಿನ್ನೂ ನೋಡಿರಲಿಲ್ಲ ಎಂಬುದೊಂದು ಸಣ್ಣ ಕೊರತೆ. ಅದು ಅವರ ತಪ್ಪಲ್ಲ ಬಿಡಿ. ನಮ್ಮ ಸೀಮೆಯ ಬೆಟ್ಟಗಳಲ್ಲಿ ನದಿಗಳು ಹುಟ್ಟುವುದೇನೋ ನಿಜ. ಆದರೆ ಹುಟ್ಟಿದ್ದೇ ತಡ, ಯಾರಿಗೂ ಹೇಳದೆ ಆಂಧ್ರಕ್ಕೋ ತಮಿಳುನಾಡಿಗೋ ಹೊರಟುಬಿಡುತ್ತವೆ. ಇಂಥ ಊರಿನಲ್ಲಿ ಅರವತ್ತರ ಹತ್ತಿರ ಬಂದ ರೇಷ್ಮೆ ಬೆಳೆಗಾರರೊಬ್ಬರು ಇಡೀ ಹಾಯಿದೋಣಿಯನ್ನೇ ಬಾಡಿಗೆಗೆ ಹಿಡಿದು, ಹೆಂಡತಿಯ ಸಮೇತ ಒಂದು ವಾರ ಅಂಡಮಾನಿನ ದ್ವೀಪಗಳನ್ನು ಸುತ್ತಿ ಬರುತ್ತೇನೆ ಎಂದರೆ ನೀವು ಏನನ್ನುತ್ತೀರಿ? ನಾನೂ ಏನೋ ಅನ್ನಬೇಕೆಂದಿದ್ದೆ. ಅಷ್ಟರೊಳಗೆ ಈ ಯಾತ್ರೆಯ ಪತ್ರವ್ಯವಹಾರಕ್ಕೆ ನನ್ನನ್ನೇ ನೇಮಿಸಿಯಾಗಿತ್ತು.

ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಡುವವನು. ಭೂಪಟದಲ್ಲಿ ನೀಲಿ ಬಣ್ಣ ಎಲ್ಲೆಲ್ಲಿದೆ ಎಂದು ಬಲ್ಲವನಿಗೆ ದೋಣಿಯ ವಿಷಯವೂ ಗೊತ್ತಿರಲೇಬೇಕು ಎಂಬುದು ಮಾವನ ತರ್ಕ. ಶಿಡ್ಲಘಟ್ಟಕ್ಕೆ ಆಗತಾನೇ ಸೈಬರ್ ಸೆಂಟರು ಬಂದಿತ್ತು. ಪ್ರತಿ ಶನಿವಾರ ಸ್ಕೂಲು ಬಿಡುವ ಹೊತ್ತಿಗೆ ಮಾವ ಒಗೆದ ಪಂಚೆ ಉಟ್ಟು ಅದರ ಬಾಗಿಲಲ್ಲಿ ನಿಂತಿರುತ್ತಿದ್ದರು. ಅವರು ಕನ್ನಡದಲ್ಲಿ ಹೇಳುವುದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಅಂಡಮಾನಿನ ದೋಣಿಯವರಿಗೆ ಕಳಿಸಬೇಕು.

ಮಾವನ ಷರತ್ತುಗಳು ಮೂರು. ಒಂದು, ಇಡೀ ದೋಣಿ ನಮಗೇ ಬೇಕು, ಹೊರಗಿನವರು ಒಬ್ಬರೂ ಹತ್ತಕೂಡದು. ಎರಡು, ಇಂಜಿನ್ ಇರಕೂಡದು, ಹಾಯಿಯಲ್ಲೇ ಹೋಗಬೇಕು. ಮೂರು, ಒಳಗೆ ಗಾಳಿ ಆಡಬೇಕು, ಆದರೆ ಬಿಸಿಲು ಬೀಳಕೂಡದು. ದೋಣಿಯವರು, ತಾವು ಬಹಳ ಸುಸಂಸ್ಕೃತ ಅಭಿರುಚಿಯವರೆಂದು ಕಾಣುತ್ತದೆ, ಎಂದು ಬರೆದರು. ಮಾವ ಆ ವಾಕ್ಯವನ್ನು ಎರಡು ಸಲ ಓದಿಸಿಕೊಂಡರು.

ನನಗೂ ಕುತೂಹಲ. ಗೊಬ್ಬರದಂಗಡಿಯ ಕ್ಯಾಲೆಂಡರಿನಲ್ಲಿ ನೀಲಿ ನೀರಿನ ಮೇಲೆ ಬಿಳೀ ಹಾಯಿಯ ಚಿತ್ರ ನೋಡಿ ಇವರಿಗೆ ಈ ಹುಚ್ಚು ಹಿಡಿಯಿತೆಂದು ಎಲ್ಲರಿಗೂ ಗೊತ್ತು. ಆದರೆ ಶ್ರೀಮಂತರ ಈ ಮೂರು ಷರತ್ತುಗಳನ್ನು ಇವರಿಗೆ ಕಲಿಸಿದವರು ಯಾರು? ಕೇಳಿದರೆ, "ಮೊದ್ಲು ದೋಣಿ ಸಿಗ್ಲಿ ಇರಪ್ಪ" ಎನ್ನುತ್ತಿದ್ದರು.

ಅತ್ತ ಕಡೆಯಿಂದ, ಹಾಯಿಯ ಅನುಭವ ಏನಾದರೂ ಉಂಟೇ, ಎಂಬ ಪ್ರಶ್ನೆ ಬಂತು. ಮಾವನಿಗೆ ಸ್ವಲ್ಪ ಅವಮಾನವಾಯಿತು. ಕಣದಲ್ಲಿ ನಲವತ್ತು ವರ್ಷ ರಾಗಿ ತೂರಿದವರಿಗೆ ಗಾಳಿಯ ಪರಿಚಯ ಬೇರೆ ಬೇಕೇ? ಆದರೂ ಸುಳ್ಳು ಬರೆಸಬಾರದೆಂದು ಅನುಭವ ಸಂಪಾದಿಸಲು ಹೊರಟರು. ಆಷಾಢದ ಒಂದು ಮಧ್ಯಾಹ್ನ ನೀರಿಲ್ಲದ ಕೆರೆಯಂಗಳಕ್ಕೆ ಎತ್ತಿನ ಗಾಡಿ ತಂದು, ಎತ್ತು ಬಿಚ್ಚಿ, ನೊಗವನ್ನು ಮುಕ್ಕಾಲಿಯೊಂದರ ಮೇಲೆ ಕೂರಿಸಿ, ಬಿದಿರ ಗಳುವಿಗೆ ಟಾರ್ಪಾಲು ಕಟ್ಟಿ ಹಾಯಿಯಂತೆ ನಿಲ್ಲಿಸಿದರು. ಮುಕ್ಕಾಲಿಗೆ ಮೂರೂ ಕಡೆ ಹಳೇ ಸೈಕಲ್ಲಿನ ಚಕ್ರ. ತೂಕಕ್ಕೆಂದು ಅತ್ತೆಯನ್ನು ಹತ್ತಿಸಿದ್ದರು. ಅತ್ತೆ ಮಡಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಟ್ಟು ಇಟ್ಟುಕೊಂಡು, ಬೇಗ ಆಗ್ಲಿ, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು, ಎನ್ನುತ್ತಿದ್ದರು. ಆಗ ಬೀಸಿತು ನೋಡಿ ಆಷಾಢದ ಗಾಳಿ. ಗಾಡಿ ಹೊರಟಿತು! ಸತ್ಯವಾಗಿ ಹೇಳುತ್ತೇನೆ, ಐದಾರು ಮಾರು ತಾನಾಗಿಯೇ ಹೋಯಿತು. ಕಟ್ಟೆಯ ಮೇಲೆ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ತೆಲುಗಿನಲ್ಲಿ, "ಬಂಡಿ ಎಕ್ಕಡಿಕಪ್ಪಾ?" ಎಂದು ಗಾಡಿ ಹೊರಟ ಊರನ್ನು ವಿಚಾರಿಸಿದ.

"ಅಂಡಮಾನ್‌ಕಿ" ಎಂದರು ಮಾವ, ತಿರುಗಿಯೂ ನೋಡದೆ.

ಗಾಡಿ ಜಾಲಿಗಿಡದ ಪೊದೆಯಲ್ಲಿ ಲಂಗರು ಹಾಕಿತು. ಮುಂದಿನ ಶನಿವಾರ ನಾನು, ಅನುಭವ ಉಂಟು, ಎಂದು ಟೈಪು ಮಾಡಿದೆ.

ಆದರೆ ಅಸಲು ತೊಡಕು ಬೇರೆಯೇ ಇತ್ತು. ಅತ್ತೆ ಇಪ್ಪತ್ತೈದು ವರ್ಷಗಳಿಂದ ಹುಳುಮನೆ ಬಿಟ್ಟು ಒಂದು ದಿನವೂ ಬೇರೆ ಊರಿನಲ್ಲಿ ತಂಗಿದವರಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ದಿಬ್ಬೂರಹಳ್ಳಿಯ ತವರಿಗೆ ಹೋಗಿ ಒಂದು ದಿನ ಉಳಿದಿದ್ದರಂತೆ. ಆ ಸಲ ಮನೆಯ ಅಷ್ಟೂ ಹುಳಕ್ಕೆ ಸುಣ್ಣಕಟ್ಟು ರೋಗ ಬಡಿದು, ಸೀಮೆಸುಣ್ಣದ ಕಡ್ಡಿಗಳಂತೆ ಬಿಳಿಚಿ ಸತ್ತವು. "ಇವ್ಳು ಹೊಸ್ತಿಲು ದಾಟಿದ್ಲು, ಬೆಳೆ ಹೋಯ್ತು" ಎಂದರಂತೆ ನಮ್ಮಜ್ಜಿ. ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಯಿತು, ಮಾತು ಮಾತ್ರ ಹೊಸ್ತಿಲ ಮೇಲೆ ಕೂತೇ ಇತ್ತು. ನೆಂಟರ ಮದುವೆಗೆ ಹೋದರೂ ಧಾರೆ ಮುಗಿದದ್ದೇ ಅತ್ತೆ ಬಸ್ ಹತ್ತುತ್ತಿದ್ದರು. ಅಂಡಮಾನಿಗೂ ಅವರದು ಒಂದೇ ಉತ್ತರ: ಹುಳ ಬಿಟ್ಟು ನಾನು ಬರಲ್ಲ.

ಇದಕ್ಕೆ ಮಾವ ಹುಡುಕಿದ ಪರಿಹಾರ ಕೇಳಿ ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಹುಳನೂ ಕರ್ಕೊಂಡು ಹೋಗಣ ಕಣೋ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಹುಳುಮನೆಗೆ ಹೊರಗಿನವರು ಕಾಲಿಟ್ಟರೆ ರೋಗ ತರುತ್ತಾರೆ. ಆದ್ದರಿಂದ ಇಡೀ ದೋಣಿ ನಮಗೇ! ಹುಳಕ್ಕೆ ಹೊಗೆ ಆಗದು. ಆದ್ದರಿಂದ ಇಂಜಿನ್ ಬೇಡ! ಗಾಳಿ ಬೇಕು, ಬಿಸಿಲು ಬೇಡ! ಆ ಸುಸಂಸ್ಕೃತ ಅಭಿರುಚಿ ಮಾವನದಲ್ಲ, ರೇಷ್ಮೆಹುಳುವಿನದು.

ಸಾಕುಪ್ರಾಣಿಗಳನ್ನು ತರಬಹುದೇ ಎಂದು ಬರೆದೆ. ಚಿಕ್ಕವಾದರೆ ಅಡ್ಡಿಯಿಲ್ಲ, ಎಷ್ಟಿವೆ, ಎಂದು ಉತ್ತರ ಬಂತು. ಸುಮಾರು ನಲವತ್ತು ಸಾವಿರ, ದ್ವೀಪದಲ್ಲಿ ಹಿಪ್ಪುನೇರಳೆ ತೋಟ ಇದೆಯೇ ದಯವಿಟ್ಟು ತಿಳಿಸುವುದು, ಎಂದು ಬರೆದೆ. ಆಮೇಲೆ ಮೂರು ವಾರ ಅಂಡಮಾನಿನಿಂದ ಸದ್ದೇ ಇಲ್ಲ.

ನಾಲ್ಕನೆಯ ವಾರ ಒಂದು ಸಾಲು ಬಂತು. ಇಬ್ಬರು ಮನುಷ್ಯರಾದರೆ ದೋಣಿ ಸಿದ್ಧವಿದೆ, ಹುಳುಗಳಿಗೆ ಆಗುವುದಿಲ್ಲ, ಬೇಗ ತಿಳಿಸಿ. ಅದರ ಪ್ರಿಂಟು ಹಿಡಿದು ಭಾನುವಾರ ಮೇಲೂರಿಗೆ ಹೋದೆ. ಹುಳುಮನೆಯ ಬಾಗಿಲಲ್ಲಿ ಅತ್ತೆ ಸೊಪ್ಪು ಕತ್ತರಿಸುತ್ತಿದ್ದರು. ನಾನು ಓದಿ ಹೇಳಿದೆ. ಅತ್ತೆ ತಲೆ ಎತ್ತದೆ, "ನಾನು ಹೇಳಿರ್ಲಿಲ್ವಾ" ಎಂದರು.

ಮಾವ ಆ ಪ್ರಿಂಟನ್ನು ಇಸಿದುಕೊಂಡು, ನಾಲ್ಕಾಗಿ ಮಡಿಚಿ, ಕಂಬಕ್ಕೊರಗಿದರು. ಇನ್ನೊಂದು ಯೋಜನೆ ಹೊರಬೀಳುತ್ತದೆಂದು ನಾನು ಕಾದೆ.

"ಆವತ್ತು ಸಂಜೆ ಹುಳುಮನೆ ಕಿಟಕಿ ಮುಚ್ದೆ ಹೋಗಿದ್ದು ನಾನು ಕಣೇ. ನೀನು ತವರಲ್ಲಿದ್ದಾಗ. ಟೆಂಟ್ ಸಿನಿಮಾಕ್ಕೆ ಹೋಗ್ಬಿಟ್ಟೆ. ಮಳೆಗಾಳಿಯೆಲ್ಲ ಹುಳದ ಮೇಲೆ ಹೊಡೀತು. ಅಮ್ಮ ನಿನ್ನ ಅಂದಾಗ ಬಾಯಿ ಬರ್ಲಿಲ್ಲ ನಂಗೆ."

ಅತ್ತೆಯ ಕುಡುಗೋಲು ನಿಂತಿತು.

"ಗೊತ್ತು. ಅಂಗಿ ಒಗೆಯುವಾಗ ಜೇಬಲ್ಲಿ ಟಿಕೀಟಿತ್ತು."

"ಮತ್ತೆ ಹೇಳ್ಲೇ ಇಲ್ವಲ್ಲೇ ನೀನು?"

"ನೀವು ಹೇಳ್ತೀರಿ ಅಂತ ಇದ್ದೆ."

ನಾನು ಭೂಗೋಳದ ಮೇಷ್ಟರ ಗಾಂಭೀರ್ಯದಿಂದ ಮನೆಯ ತೊಲೆಗಳನ್ನು ಎಣಿಸತೊಡಗಿದೆ. ಅತ್ತೆ ಉಳಿದ ಸೊಪ್ಪನ್ನೂ ಕತ್ತರಿಸಿ, ತಟ್ಟೆಗಳಿಗೆಲ್ಲ ಹರಡಿ, ಕೈ ತೊಳೆದು ಬಂದರು.

"ಈ ಬೆಳೆ ಗೂಡಾದ್ಮೇಲೆ ಹೊಸ ಹುಳದ ಮೊಟ್ಟೆ ತರ್ಬೇಡಿ" ಎಂದರು ಮಾವನಿಗೆ.

ಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ನನ್ನ ಕಡೆ ತಿರುಗಿಸಿಕೊಂಡು, ಬರಿಯೋ, ಇಬ್ಬರೇ ಬರ್ತೀವಿ ಅಂತ ಬರಿ, ಹುಳ ಇಲ್ವಲ್ಲ, ಇನ್ನು ಇಂಜಿನ್ ಇದ್ರೂ ಪರವಾಗಿಲ್ಲ ಅಂತ ಬರಿ, ಎಂದರು.

"ಬೇಡಪ್ಪ, ಹಾಯಿನೇ ಇರ್ಲಿ" ಎಂದರು ಅತ್ತೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ. "ಆಮೇಲೆ, ಕಿಟಕಿ ಎಲ್ಲಾ ತೆಗ್ದೇ ಇಡಕ್ಕೆ ಹೇಳು."