ಕೋಳಿ ಸಾರು ಮತ್ತು ಮಾದಪ್ಪನ ಹರಕೆ

“ಒಂದ್ ತುತ್ತಾದ್ರೂ ಉಣ್ದೆ ಈ ಜಗಲಿ ದಾಟಿದ್ಯೋ, ಇನ್ಮೇಲೆ ನಿನ್ ಮುಖ ನೋಡಕ್ಕಿಲ್ಲ ಕಣ್ ಮೊಗ!”

ಬೀದಿಯ ಮೊದಲ ಮನೆಯ ಚಿಕ್ಕಬಸಮ್ಮ ಹೀಗೆನ್ನುತ್ತಲೇ ಶಿವಶಂಕರನ ಬ್ಯಾಗನ್ನು ಒಳಕ್ಕೆ ಎಳೆಯತೊಡಗಿದ್ದಳು. ಈರೋಡಿನ ಮಗ್ಗದ ಶೆಡ್ಡಿನಲ್ಲಿ ಏಳು ವರ್ಷ ಕಳೆದು ಈಗಷ್ಟೇ ಅಜ್ಜೀಪುರದಲ್ಲಿ ಬಸ್ಸಿಳಿದ ಶಿವಶಂಕರ, ಬ್ಯಾಗಿನ ಇನ್ನೊಂದು ಹಿಡಿ ಬಿಡದೆ ನಿಂತ.

ಅವನ ಕಷ್ಟ ಅವನಿಗೆ. ಬೀದಿಯ ತುದಿಯ ಮನೆಯಲ್ಲಿ ಅಕ್ಕ ಪುಷ್ಪ ನಾಟಿ ಕೋಳಿ ಕುಯ್ದು ಸಾರಿಗಿಟ್ಟಿದ್ದಳು. ಫೋನಿನಲ್ಲೇ ಕಟ್ಟಪ್ಪಣೆ ಆಗಿತ್ತು: “ದಾರೀಲಿ ಯಾರ್ ಮನೇಲಾದ್ರೂ ತಿಂದ್ಕಂಡ್ ಬಂದ್ಯೋ, ನಾನ್ ಬಡಿಸಕ್ಕಿಲ್ಲ ಕಣ್ಲಾ. ಅಸ್ಕಂಡ್ ಬಾ.” ಏಳು ವರ್ಷ ಮೆಸ್ಸಿನ ಸಾಂಬಾರಿನಲ್ಲಿ ಈಜಾಡಿದ ನಾಲಿಗೆ ಅದು. ಬೆಳಗಿನಿಂದ ಟೀಯನ್ನೂ ಮುಟ್ಟಿರಲಿಲ್ಲ. ಆದರೆ ಅಕ್ಕನ ಮನೆವರೆಗಿನ ಒಂದೊಂದು ಜಗಲಿಯೂ ಒಂದೊಂದು ಟೋಲ್ ಗೇಟು!

“ಇವತ್ತು ಒಂದೊತ್ತು ಕಣತ್ತೆ” ಎಂದುಬಿಟ್ಟ.

“ಬುದ್ವಾರ್ದಲ್ಲಿ ಎಂತ ಒಂದೊತ್ಲಾ?”

“ಮಾದಪ್ಪನ ಅರಕೆ.”

ಚಿಕ್ಕಬಸಮ್ಮನ ಕೈ ಕೆಂಡ ತಾಕಿದಂತೆ ಬ್ಯಾಗು ಬಿಟ್ಟು, ಮಾದಪ್ಪನ ಬೆಟ್ಟದ ದಿಕ್ಕಿಗೆ ಮುಗಿಯಿತು. “ತಪ್ಪಾಯ್ತು ನಮ್ಮಪ್ಪ! ಓಗು ಮೊಗ, ಓಗು!”

ಇಷ್ಟು ಸಲೀಸು ಅಂತ ಗೊತ್ತಿದ್ದರೆ! ಶಿವಶಂಕರ ಹಗುರಾಗಿ ಮುಂದೆ ನಡೆದ. ಎದುರಿಗೇ ಹಳೇ ಗೆಳೆಯ ಮಾದಣ್ಣ.

“ವಾಂಗ ವಾಂಗ, ತಮಿಳ್ನಾಡ್ ದೊರೆ! ಬಾರ್ಲಾ, ಬಿಸಿ ಮುದ್ದೆ ಅದೆ.”

“ಅರಕೆ ಕಣ್ಲಾ, ಒಂದೊತ್ತು.”

“ರಾತ್ರಿ ಉಣ್ತೀಯಲ್ಲ? ಕಟ್ಕಂಡ್ ಬಂದ್ ಕೊಡ್ತೀನಿ ಬುಡು.”

ಅಯ್ಯೋ, ಇವನು ರಾತ್ರಿಯ ಪಾಲಿಗೂ ಬಂದನಲ್ಲ! “ಇಲ್ಲ ಕಣ್ಲಾ, ಬೆಟ್ಟ ಅತ್ತೋಗಂಟ ಬರೀ ಆಲು ಅಣ್ಣು.”

“ಬಸ್ಸಲ್ಲೋ, ನಡ್ಕಂಡೋ?”

ಸುಳ್ಳಿಗೆ ಕಾಲು ಬಂದಿತ್ತು, ಅದು ನಿಲ್ಲಲಿಲ್ಲ. “ನಡ್ಕಂಡೇ.”

“ಶಬಾಸ್! ಬೆಳಿಗ್ಗೆ ನಾನೂ ಬತ್ತೀನಿ!” ಎಂದವನು ಬೀದಿಗೆಲ್ಲ ಕೇಳುವಂತೆ “ಉಘೇ ಮಾದಪ್ಪ!” ಎಂದು ಕೂಗಿದ.

ಆಮೇಲೆ ಯಾವ ಜಗಲಿಯೂ ಅಡ್ಡ ಬರಲಿಲ್ಲ. ಹಿರಿಯ ನಾಗಯ್ಯ ಎದ್ದು ಬಂದು ಹಣೆತುಂಬ ವಿಭೂತಿ ಬಳಿದ. ಹೆಂಗಸರು ಕಾಲಿಗೆ ನೀರು ಹುಯ್ದರು. ಹಿಂದೆ ಪುಂಡ ಅನ್ನಿಸಿಕೊಂಡು ಊರು ಬಿಟ್ಟವನು ಈಗ ಗೆದ್ದ ಪೈಲ್ವಾನನಂತೆ ಎದೆಯುಬ್ಬಿಸಿ ನಡೆದ. ಹೊಟ್ಟೆ ಮಾತ್ರ ಒಳಗೆ ತಮಟೆ ಬಾರಿಸುತ್ತಿತ್ತು. ಬಾರಿಸಲಿ! ಈಗ ಹೊಟ್ಟೆ ಬಿರಿಯ ಉಣ್ಣುವುದು, ಬೆಳಿಗ್ಗೆ ಮಾದಣ್ಣ ಏಳುವ ಮೊದಲೇ ಈರೋಡಿನ ಬಸ್ಸು ಹತ್ತುವುದು.

ಅಕ್ಕನ ಅಂಗಳ ಸಾರಿನ ಘಮದಲ್ಲಿ ಮುಳುಗಿತ್ತು. ಪುಷ್ಪ ಬಾಗಿಲಲ್ಲೇ ಕಣ್ಣು ಒರೆಸಿಕೊಂಡಳು.

“ಅಕ್ಕಾ, ಒಂದ್ ಅಗಳೂ ಮುಟ್ಟಿಲ್ಲ. ತಟ್ಟೆ ಮಡಗು!”

ಪುಷ್ಪ ತಟ್ಟೆ ತಂದಿಟ್ಟಳು. ಅದರಲ್ಲಿ ಎರಡು ಬಾಳೆಹಣ್ಣು, ಒಂದು ಲೋಟ ಹಾಲು.

“ಸಾರು?”

“ಚಿಕ್ಕಬಸಮ್ಮತ್ತೆ ಫೋನ್ ಮಾಡುದ್ಲು ಕಣ್ಲಾ. ನನ್ ತಮ್ಮಂಗೆ ಇಂತ ಬುದ್ಧಿ ಬಂದದೆ ಅಂತ ಕೇಳಿ ಕಣ್ಣಲ್ಲಿ ನೀರ್ ಬಂತು. ಅರಕೆ ಒತ್ತೋನ್ ಬತ್ತಾವ್ನೆ, ಮನೇಲಿ ಕೋಳಿ ಇರಬಾರ್ದು ಅಂತ ಪಾತ್ರೆ ಸಮೇತ ಕೊಟ್ಬುಟ್ಟೆ.”

“ಯಾರ್ಗೆ?”

“ಇನ್ಯಾರ್ಗೆ? ಅವ್ಳೇ ಇತ್ತಲು ದಾರೀಲಿ ಓಡ್ಬಂದು ತಕಂಡೋದ್ಲು.”

ಶಿವಶಂಕರ ತಟ್ಟೆ ಪಕ್ಕಕ್ಕೆ ಸರಿಸಿದ. “ಅಕ್ಕಾ, ಅದು ಸುಳ್ಳು! ನಿನ್ ಸಾರ್ಗೋಸ್ಕರ ಯೋಳುದ್ ಸುಳ್ಳು!”

ಪುಷ್ಪ ಅವನ ತಲೆಗೊಂದು ಮೊಟಕಿದಳು. “ಸುಳ್ಳೋ ನಿಜ್ವೋ, ಮಾದಪ್ಪನ ಎಸ್ರೆತ್ತಿದ್ಮೇಲೆ ಮುಗೀತು. ನಾಳೆ ನಾನೂ ಬತ್ತೀನಿ, ನಡಿ.”

ಅಷ್ಟರಲ್ಲಿ ಚಿಕ್ಕಬಸಮ್ಮ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದು, ಫಳಫಳ ತೊಳೆದ ಪಾತ್ರೆಯನ್ನು ಜಗಲಿಯ ಮೇಲಿಟ್ಟಳು. ಬರಿ ಪಾತ್ರೆ ಹಿಂದಿರುಗಿಸಬಾರದಲ್ಲ, ಅದರ ತುಂಬ ಬಾಳೆಹಣ್ಣು ತುಂಬಿಸಿದ್ದಳು.